ಡಯಲ್ ಹೊಳೆದರೆ ಅನುಮಾನಿಸಿ

ಹೈದರಾಬಾದಿನ ಜುಮೇರಾತ್ ಬಜಾರ್ ಹೆಸರೇ ಹೇಳುವಂತೆ ಗುರುವಾರದ ಸಂತೆ. ಇಂಥ ಹಳೆ ಸಾಮಾನಿನ ಸಂತೆಯೊಂದರಲ್ಲಿ ನನಗೆ ನೀಲಿ ಡಯಲಿನ ಫಾವ್ರ್-ಲ್ಯೂಬಾ ವಾಚು ಸಿಕ್ಕಿತ್ತು. ಒಂದು ಗೀರಿಲ್ಲ. ‘ಅಸಲಿ ಸ್ವಿಸ್, ಸಾಬ್’ ಅಂದ ಮಾರುವವನು. ಅಸಲಿಯೇನೋ ಹೌದು, ಅರ್ಧ.

ನಮ್ಮ ಅಜ್ಜಂದಿರ ಬಾಯಲ್ಲಿ ಇದು ‘ಫೇವರ್ ಲೂಬಾ’. ಅಬ್ರಹಾಂ ಫಾವ್ರ್ 1737ರಲ್ಲಿ ಸ್ವಿಟ್ಜರ್ಲೆಂಡಿನ ಲ ಲೋಕ್ಲ್ ಊರಿನಲ್ಲಿ ಶುರುಮಾಡಿದ ಕಸುಬು. 1865ರಲ್ಲೇ ಈ ಮನೆತನ ಭಾರತದ ವ್ಯಾಪಾರಕ್ಕೆ ಇಳಿಯಿತು. ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ತಯಾರಾಗತೊಡಗಿದ್ದು 1961ರಲ್ಲಿ. ಅಂದರೆ ಅಷ್ಟರಲ್ಲಾಗಲೇ ಇದು ಇಲ್ಲಿ ಸುಮಾರು ನೂರು ವರ್ಷ ಹಳೆಯದು. ಸೀ ಚೀಫ್, ಸೀ ಕಿಂಗ್ ಮಾದರಿಗಳು ಈಗಲೂ ಹಳೆ ಕಪಾಟುಗಳಿಂದ ಹೊರಬರುವುದು ಅದಕ್ಕೇ. ಬ್ಯಾಟರಿ ಗಡಿಯಾರಗಳ ಹೊಡೆತಕ್ಕೆ ಕಂಪನಿ ಮಂಕಾಯಿತು. 2011ರಲ್ಲಿ ನಮ್ಮ ಟೈಟಾನ್ ಆ ಹೆಸರನ್ನು ಕೊಂಡಿತ್ತು, ಆಮೇಲೆ ಅದೂ ಕೈಬದಲಾಯಿತು.

ಅಸಲಿಯನ್ನು ಗುರುತಿಸಲು ಒಳಗಿನ ಕೆಲಸ ತಿಳಿದಿರಬೇಕು. ಕೀ ಕೊಟ್ಟಾಗ ಪುಟ್ಟ ಡಬ್ಬಿಯೊಳಗಿನ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವ ಬಲ ಹಲ್ಲುಚಕ್ರಗಳಲ್ಲಿ ಹಾದು ಬರುತ್ತದೆ. ಕೊನೆಯಲ್ಲಿ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ ಆ ಬಲವನ್ನು ಅಳೆದಳೆದು ಬಿಡುತ್ತದೆ. ಆ ಕಾಲದ ಬಹುಪಾಲು ವಾಚುಗಳಲ್ಲಿ ಗಂಟೆಗೆ 18,000 ಬಡಿತ, ಸೆಕೆಂಡಿಗೆ ಐದು. ಹಾಗಾಗಿ ಸೆಕೆಂಡಿನ ಮುಳ್ಳು ಜಾರಿದಂತೆ ಕಾಣಬೇಕು. ಕುಪ್ಪಳಿಸಿದರೆ ಒಳಗೆ ಬ್ಯಾಟರಿ ಇರಬಹುದು. ‘17 ಜ್ಯುವೆಲ್ಸ್’ ಎಂದರೆ ಸವಕಳಿ ತಡೆಯುವ ಕೃತಕ ಮಾಣಿಕ್ಯ, ಒಡವೆಯ ಬೆಲೆ ಕಟ್ಟಬೇಡಿ. ಡಯಲಿನ ಮೇಲೆ ‘ಟ್ವಿನ್ ಪವರ್’ ಎಂದಿದ್ದರೆ ಒಳಗೆ ಎರಡು ಸ್ಪ್ರಿಂಗ್ ಡಬ್ಬಿ ಕಾಣಬೇಕು. ಒಂದೇ ಇದ್ದರೆ ಡಯಲ್ ಒಂದರದು, ಯಂತ್ರ ಇನ್ನೊಂದರದು.

ಹಿಂದಿನ ಮುಚ್ಚಳ ಬಿಚ್ಚಿಸಿ ನೋಡದೆ ದುಡ್ಡು ಎಣಿಸಬೇಡಿ. ಯಂತ್ರದ ಪಟ್ಟಿಯ ಮೇಲೆ ಕಂಪನಿಯ ಹೆಸರು ಕೊರೆದಿದೆಯೇ, ತಿರುಪುಗಳ ತಲೆ ಕಿತ್ತುಹೋಗಿದೆಯೇ, ತುಕ್ಕಿದೆಯೇ ನೋಡಿ. ಹೊಸ ಬಿಡಿಭಾಗ ಸಿಗದ ಕಾರಣ ರಿಪೇರಿಯವರು ಒಂದನ್ನು ಕೊಂದು ಇನ್ನೊಂದನ್ನು ಉಳಿಸುತ್ತಾರೆ. ಅದನ್ನು ಮೋಸ ಎನ್ನಲಾರೆ, ಬೆಲೆಯಲ್ಲಿ ಮುಚ್ಚಿಟ್ಟರೆ ಮಾತ್ರ ಮೋಸ.

ಸಂಗ್ರಹಕಾರರು ಹೆಚ್ಚು ಬೆಲೆ ಕೊಡುವುದು ಡಯಲಿಗೆ, ಮಾರುವವರು ಹೆಚ್ಚು ಕೈಯಾಡಿಸುವುದೂ ಅದರ ಮೇಲೆಯೇ. ಮಾಸಿದ್ದನ್ನು ಉಜ್ಜಿ, ಬಣ್ಣ ಬಳಿದು, ಅಕ್ಷರ ಮತ್ತೆ ಅಚ್ಚು ಹಾಕುತ್ತಾರೆ. ಭೂತಗನ್ನಡಿ ಹಿಡಿದರೆ ಅಕ್ಷರದ ಅಂಚು ಹರಡಿರುತ್ತದೆ, ನಿಮಿಷದ ಗೆರೆ ಗುರುತಿನ ಕಡ್ಡಿಗೆ ಸರಿಯಾಗಿ ಕೂರುವುದಿಲ್ಲ, ಕೆಳಗಿನ ‘ಸ್ವಿಸ್ ಮೇಡ್’ ವಕ್ರವಾಗಿರುತ್ತದೆ ಅಥವಾ ಇರುವುದೇ ಇಲ್ಲ. ಐವತ್ತು ವರ್ಷದ ವಸ್ತು ಸ್ವಲ್ಪ ಹಳದಿಗಟ್ಟಿರಲಿ, ನಾನಂತೂ ಅದನ್ನೇ ಆರಿಸುತ್ತೇನೆ. ಅರವತ್ತರ ದಶಕಕ್ಕೂ ಮುಂಚಿನ ವಾಚಾಗಿದ್ದರೆ ಕತ್ತಲಲ್ಲಿ ಹೊಳೆಯಲು ಬಳಿದ ಬಣ್ಣ ರೇಡಿಯಂ ಇರಬಹುದು, ಅದನ್ನು ಕೆರೆಯಬೇಡಿ.

ನನ್ನ ನೀಲಿಯ ಒಳಗಿನ ಯಂತ್ರ ಅಸಲಿ, ಡಯಲ್ ಮಾತ್ರ ಯಾರದೋ ಕೈಚಳಕ. ಎಣ್ಣೆ ಹಾಕಿಸಿ ಕಟ್ಟಿಕೊಳ್ಳುತ್ತೇನೆ. ಮಳೆ ಬಂದರೆ ಬಿಚ್ಚಿ ಜೇಬಿಗೆ ಹಾಕುತ್ತೇನೆ. ಹಿಂದೆ ‘ವಾಟರ್‌ಪ್ರೂಫ್’ ಎಂದೇನೋ ಕೊರೆದಿದೆ, ರಬ್ಬರ್ ಉಂಗುರ ಒಣಗಿ ಎಷ್ಟು ಕಾಲವಾಯಿತೋ.