ಏಳು ವರ್ಷದ ಮಗನಿಗೆ ಯಾವ ಪಕ್ಷ?

ಪ್ರಶ್ನೆ: ಏಳು ವರ್ಷದ ಮಗ ಕಟ್ಟೆ ಮೇಲೆ ನಿಂತು ನಮ್ಮ ಪಕ್ಷದ ಘೋಷಣೆ ಕೂಗುತ್ತಾನೆ. ನನಗೆ ಹೆಮ್ಮೆ, ಅವನ ತಾಯಿಗೆ ಮುಜುಗರ. ಯಾರು ಸರಿ?
– ಓದುಗರೊಬ್ಬರು, ಇಳಕಲ್ಲ

ಉತ್ತರ: ನನ್ನ ಓಟು ತಾಯಿಯವರಿಗೆ. ಆದರೆ ನೀವು ಹೇಳಿಕೊಡದಿದ್ದರೂ ಅವನು ಕಲಿಯುತ್ತಾನೆ, ಟಿ.ವಿ. ನೋಡುತ್ತ ನೀವು ಯಾರನ್ನು ಬೈದಿರಿ ಎಂಬುದು ಪಕ್ಕದಲ್ಲಿ ರೊಟ್ಟಿ ಮುರಿಯುತ್ತ ಕೂತವನ ಕಿವಿಗೆ ಬಿದ್ದೇ ಬೀಳುತ್ತದೆ. 1965ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರಾದ ಜೆನ್ನಿಂಗ್ಸ್ ಮತ್ತು ನೀಮಿ ಹೈಸ್ಕೂಲು ಮಕ್ಕಳನ್ನೂ ತಂದೆತಾಯಿಯರನ್ನೂ ಪ್ರತ್ಯೇಕವಾಗಿ ಕೇಳಿ ನೋಡಿದರು. ಪಕ್ಷದ ಒಲವು ಸಾಕಷ್ಟು ದಾಟಿತ್ತು, ಬಿಡಿ ವಿಷಯಗಳ ಬಗೆಗಿನ ಅಭಿಪ್ರಾಯ ಅಷ್ಟಾಗಿ ದಾಟಿರಲಿಲ್ಲ.

ಹಾಗಾಗಿ ಘೋಷಣೆ ಬಿಟ್ಟು ಕಥೆ ಹೇಳಿ. ಜಮಖಂಡಿ ಕಡೆಯ ರೈತರು 1989ರಲ್ಲಿ ತಾವೇ ದುಡ್ಡು ಕೂಡಿಸಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಮುಂದಾಳು ಸಿದ್ದು ನ್ಯಾಮಗೌಡರು 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ನಿಂತು ರಾಮಕೃಷ್ಣ ಹೆಗಡೆಯವರಂಥ ಮಾಜಿ ಮುಖ್ಯಮಂತ್ರಿಯನ್ನೇ ಸೋಲಿಸಿದರು. ಇಂಥದ್ದಕ್ಕೆ ಹುಡುಗರು ಕಣ್ಣರಳಿಸುತ್ತಾರೆ. 2018ರಲ್ಲಿ ಬಾದಾಮಿಯಲ್ಲಿ ಸಿದ್ದರಾಮಯ್ಯನವರು ಶ್ರೀರಾಮುಲು ಅವರೆದುರು ಗೆದ್ದದ್ದು 1,696 ಮತಗಳಿಂದ. ಒಂದೇ ಓಣಿಯವರು ಎರಡೂ ಕಡೆ ಓಟು ಹಾಕಿರಬೇಕಲ್ಲ, ಯಾಕಿರಬಹುದು ಅಂತ ಅವನನ್ನೇ ಕೇಳಿ. (ನಿಮಗೂ ಉತ್ತರ ಹೊಳೆಯದಿದ್ದರೆ ಒಳ್ಳೆಯದೇ.)

ಇನ್ನು, ಅವನ ಕೈಗೆ ಕರಪತ್ರ ಕೊಟ್ಟು ಮೆರವಣಿಗೆಗೆ ಕಳಿಸುವ ಯೋಚನೆಯಿದ್ದರೆ ಬಿಡಿ. ಪ್ರಚಾರಕ್ಕೆ ಮಕ್ಕಳನ್ನು ಬಳಸಕೂಡದೆಂದು ಚುನಾವಣಾ ಆಯೋಗ 2024ರ ಫೆಬ್ರವರಿಯಲ್ಲಿ ಪಕ್ಷಗಳಿಗೆ ತಾಕೀತು ಮಾಡಿದೆ. ಘೋಷಣೆ ಕೂಗಿಸುವುದೂ ಅದರಲ್ಲಿ ಸೇರಿದೆ. ನಿಮ್ಮ ಕೈಹಿಡಿದು ಭಾಷಣ ಕೇಳಲು ಬಂದರೆ ಅಡ್ಡಿಯಿಲ್ಲ. ಪಾಪ, ಅರ್ಧಕ್ಕೇ ನಿದ್ದೆ ಹೋಗುತ್ತಾನೆ.