ಗಂಟಲುನೋವು ಹೋದ ಮೇಲೆ ಬರುವ ಜ್ವರ

1949ರಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದ ವಾರೆನ್ ವಾಯುನೆಲೆಯಲ್ಲಿ ವೈದ್ಯರ ತಂಡವೊಂದು ಯುವ ಸೈನಿಕರ ಗಂಟಲು ಪರೀಕ್ಷಿಸುತ್ತಿತ್ತು. ಟಾನ್ಸಿಲ್ ಮೇಲೆ ಬಿಳಿಯಾಗಿ ಕೀವು ಕಟ್ಟಿದ್ದವರಲ್ಲಿ ಸುಮಾರು 800 ಮಂದಿಗೆ ಪೆನ್ಸಿಲಿನ್ ಕೊಟ್ಟರು, ಹೆಚ್ಚುಕಡಿಮೆ ಅಷ್ಟೇ ಮಂದಿಗೆ ಕೊಡಲಿಲ್ಲ. ಔಷಧಿ ಸಿಗದವರ ಗಂಟಲೂ ತಾನಾಗಿಯೇ ವಾಸಿಯಾಯಿತು. ಆದರೆ ಕೆಲವು ವಾರ ಕಳೆದ ಮೇಲೆ ಅವರಲ್ಲಿ 17 ಮಂದಿಗೆ ಜ್ವರ ಬಂದು ಕೀಲುಗಳು ಊದಿಕೊಂಡವು. ಪೆನ್ಸಿಲಿನ್ ಪಡೆದವರಲ್ಲಿ ಹಾಗಾದದ್ದು ಇಬ್ಬರಿಗೆ ಮಾತ್ರ.

ಅದು ರುಮ್ಯಾಟಿಕ್ ಜ್ವರ. ಅದರ ಮೂಲ, ಗಂಟಲಲ್ಲಿ ಸೇರಿದ್ದ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ. ಅದರ ಮೈಮೇಲಿನ ಒಂದು ಪ್ರೋಟೀನು ನಮ್ಮ ಹೃದಯದ ಪ್ರೋಟೀನನ್ನು ಹೋಲುತ್ತದೆ. ಹಾಗಾಗಿ ರೋಗಾಣುವನ್ನು ಹೊಡೆಯಲು ಸಿದ್ಧವಾದ ರಕ್ಷಣಾ ವ್ಯವಸ್ಥೆ ಹೃದಯದ ಕವಾಟಗಳನ್ನೂ ಹೊಡೆಯುತ್ತದೆ. ದಪ್ಪಗಾಗಿ ಕಿರಿದಾದ ಕವಾಟ ಎಷ್ಟೋ ವರ್ಷ ಸುಮ್ಮನಿದ್ದು, ಹೆಣ್ಣುಮಗಳು ಬಸುರಿಯಾಗಿ ಮೈಯಲ್ಲಿ ರಕ್ತ ಹೆಚ್ಚಿದಾಗ ಉಬ್ಬಸದ ರೂಪದಲ್ಲಿ ಮೊದಲ ಬಾರಿ ಗೊತ್ತಾಗುವುದುಂಟು. ನಮ್ಮ ದೇಶದಲ್ಲಿ ಇದು ಇನ್ನೂ ಹಳೆಯ ಕಥೆಯಾಗಿಲ್ಲ.

ನಿಜ, ಈ ಜ್ವರ ಹೆಚ್ಚಾಗಿ ಬರುವುದು 5ರಿಂದ 15 ವರ್ಷದ ಮಕ್ಕಳಿಗೆ. ವಯಸ್ಕರಲ್ಲಿ ಹೆಚ್ಚು ಕಾಣುವ ತೊಡಕು ಬೇರೆ: ಟಾನ್ಸಿಲ್‌ನ ಹಿಂದೆ ಕೀವು ಗಡ್ಡೆ ಕಟ್ಟುವುದು. ನೋವು ಒಂದೇ ಕಡೆಗೆ ಜೋರಾಗಿ ಕಿವಿಯವರೆಗೂ ಎಳೆಯುತ್ತದೆ. ಬಾಯಿ ಎರಡು ಬೆರಳಗಲವೂ ತೆರೆಯುವುದಿಲ್ಲ, ಎಂಜಲು ನುಂಗಲಾಗದೆ ಜೊಲ್ಲು ಸುರಿಯುತ್ತದೆ, ದನಿ ಬಾಯಲ್ಲೇನೋ ಇಟ್ಟುಕೊಂಡಂತೆ ಕೇಳುತ್ತದೆ. ಟಾರ್ಚ್ ಹಾಕಿ ನೋಡಿದರೆ ಕಿರುನಾಲಿಗೆ ಇನ್ನೊಂದು ಪಕ್ಕಕ್ಕೆ ಸರಿದಿರುತ್ತದೆ. ಈ ಹಂತದಲ್ಲಿ ಬೆಳಗಾಗಲಿ ಎಂದು ಕಾಯಬಾರದು. ಸೂಜಿ ಹಾಕಿಯೋ ಕೊಯ್ದೋ ಕೀವು ತೆಗೆಯಬೇಕಾಗುತ್ತದೆ. ಕೀವು ಕತ್ತಿನ ಆಳಕ್ಕಿಳಿದರೆ ಉಸಿರಾಟಕ್ಕೇ ಕುತ್ತು.

ಹಾಗೆಂದು ಗಂಟಲು ಕೆರೆದಾಗಲೆಲ್ಲ ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ನುಂಗುವುದೂ ತಪ್ಪೇ. ವಯಸ್ಕರ ಗಂಟಲುನೋವು ಬಹುಪಾಲು ವೈರಸ್ಸಿನದು, ಅದಕ್ಕೆ ಈ ಮಾತ್ರೆಯಿಂದ ಏನೂ ಪ್ರಯೋಜನವಿಲ್ಲ. ಮೂಗು ಸೋರುತ್ತಾ ಕೆಮ್ಮೂ ಇದ್ದರೆ ಬಹುತೇಕ ಅದೇ. ಕೆಮ್ಮಿಲ್ಲದೆ ಜ್ವರ, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು, ಟಾನ್ಸಿಲ್ ಮೇಲೆ ಬಿಳಿ ಕೀವು, ಇವು ಒಟ್ಟಿಗೆ ಕಂಡರೆ ವೈದ್ಯರು ಗಂಟಲ ದ್ರವದ ಪರೀಕ್ಷೆ ಮಾಡಿಸುತ್ತಾರೆ.

ಸ್ಟ್ರೆಪ್ಟೊಕಾಕಸ್ ಎಂದು ಖಚಿತವಾದರೆ ಪೆನ್ಸಿಲಿನ್ ಮಾತ್ರೆಯನ್ನು ಸಾಮಾನ್ಯವಾಗಿ ಹತ್ತು ದಿನ ಕೊಡುತ್ತಾರೆ. ಮೂರನೆಯ ದಿನಕ್ಕೇ ನೋವು ಹೋಗುವುದರಿಂದ ಅರ್ಧಕ್ಕೇ ಬಿಡುವವರು ಬಹಳ. ನೋವು ಶುರುವಾದ ಒಂಬತ್ತು ದಿನದೊಳಗೆ ಔಷಧಿ ಆರಂಭಿಸಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಬಾಲ್ಯದಲ್ಲೊಮ್ಮೆ ಆ ಜ್ವರ ಬಂದಿದ್ದವರಿಗೆ ಮಾತ್ರ ಅಷ್ಟು ಕಾಯುವುದು ಸಲ್ಲದು. ಅವರಲ್ಲಿ ಅದು ಮರುಕಳಿಸುವುದು ಸುಲಭ, ಮರುಕಳಿಸಿದಷ್ಟೂ ಕವಾಟ ಕೆಡುತ್ತದೆ. ಮೂರು-ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ತೆಗೆದುಕೊಳ್ಳಿ ಎಂದು ವೈದ್ಯರು ಅವರಿಗೆ ಹೇಳುವುದು ಇದಕ್ಕಾಗಿಯೇ.