ಬೂಟಿನೊಳಗಿನ ಕಲ್ಲು

ಕೋರಿ ಡಾಕ್ಟರೋವ್ 2008ರಲ್ಲಿ ಹರೆಯದ ಓದುಗರಿಗಾಗಿ ಬರೆದ ‘ಲಿಟಲ್ ಬ್ರದರ್’ ಕಾದಂಬರಿಯನ್ನು ದಲಿತ ಓದಿಗೆ ಒಡ್ಡಿದಾಗ ನನ್ನನ್ನು ಕಾಡುವ ಪ್ರಶ್ನೆ ಇದು: ಕಣ್ಗಾವಲು ಯಾರ ಪಾಲಿಗೆ ಹೊಸದು?

ಸ್ಯಾನ್‌ಫ್ರಾನ್ಸಿಸ್ಕೋದ ಹದಿನೇಳರ ಹುಡುಗ ಮಾರ್ಕಸ್. ಶಾಲೆಯ ಕ್ಯಾಮೆರಾ ನಡಿಗೆಯಿಂದಲೇ ಗುರುತು ಹಿಡಿಯುತ್ತೆ ಅಂತ ಬೂಟಿನೊಳಗೆ ಕಲ್ಲು ಹಾಕಿಕೊಂಡು ನಡೆಯುವವನು. ಊರಿನ ಸೇತುವೆ ಸ್ಫೋಟವಾದ ಮೇಲೆ ಪ್ರಭುತ್ವ ಅವನನ್ನು ಹಿಡಿದು ಹಿಂಸಿಸುತ್ತದೆ, ಇಡೀ ನಗರವನ್ನೇ ಶಂಕಿಸುತ್ತದೆ. ವಿಡಿಯೊ ಆಟದ ಯಂತ್ರಗಳಲ್ಲೇ ಗುಪ್ತಜಾಲ ಕಟ್ಟಿ ಅವನು ಎದುರು ನಿಲ್ಲುತ್ತಾನೆ.

ಈ ಶಂಕೆಯ ಗಣಿತವನ್ನೂ ಕಾದಂಬರಿ ಎಳೆಯರಿಗೆ ಬಿಡಿಸಿ ಹೇಳುತ್ತದೆ. ನೂರಕ್ಕೆ 99 ಸಲ ಸರಿ ಹೇಳುವ ಯಂತ್ರವೂ 10 ಲಕ್ಷ ಜನರ ನಡುವೆ ಒಬ್ಬ ಅಪರಾಧಿಯನ್ನು ಹುಡುಕಲು ಹೊರಟರೆ ಸುಮಾರು 10,000 ನಿರಪರಾಧಿಗಳತ್ತ ಬೆರಳು ತೋರಿಸುತ್ತದೆ.

ಅವರಲ್ಲಿ ಮೊದಲು ಏಟು ತಿನ್ನೋರು ಯಾರು? ಉತ್ತರವಿರುವುದು ಗೆಳೆಯ ಜೋಲುವಿನ ಬಾಯಲ್ಲಿ. ಸಿಕ್ಕಿಬಿದ್ದರೆ ಬಿಳಿಯನಿಗೆ ಆಗುವ ಶಿಕ್ಷೆಯೇ ಬೇರೆ, ಕಂದು ಮೈಯವನಿಗೆ ಆಗುವುದೇ ಬೇರೆ ಅಂತ ಹೇಳಿ ಅವನು ಹಿಂದೆ ಸರಿಯುತ್ತಾನೆ.

ನಮ್ಮಲ್ಲಿ 1871ರ ಅಪರಾಧಿ ಬುಡಕಟ್ಟು ಕಾಯ್ದೆಗೆ ಯಂತ್ರವೇ ಬೇಕಿರಲಿಲ್ಲ, ಹುಟ್ಟೇ ಸಾಕ್ಷಿಯಾಗಿತ್ತು. 1952ರಲ್ಲಿ ಅದು ರದ್ದಾಯಿತು. ಗುಮಾನಿ ಮಾತ್ರ ರೂಢಿಗತ ಅಪರಾಧಿ ಕಾಯ್ದೆಗಳಲ್ಲಿ ಉಳಿಯಿತು. ಆ ಗುಮಾನಿಯ ಕಡತಗಳನ್ನೇ ಕಂಪ್ಯೂಟರಿಗೆ ಉಣಿಸಿದರೆ ಅದು ಮತ್ತೆ ಅದೇ ಕೇರಿಗಳತ್ತ ತಿರುಗುತ್ತೆ.

ತಂತ್ರಜ್ಞಾನ ಕಲಿತರೆ ಬಿಡುಗಡೆ ಅನ್ನೋದು ಮಾರ್ಕಸ್‌ನ ನಂಬಿಕೆ. ನಮ್ಮ ಹುಡುಗ ಹುಡುಗಿಯರೂ ಕಲಿಯಲಿ. ಆದರೆ ಕಾದಂಬರಿಯನ್ನು ಜೋಲುವಿನ ಕಡೆಯಿಂದ ಓದಲಿ. ಕಲ್ಲು ಹಾಕಿಕೊಂಡು ನಡಿಗೆ ಮರೆಸಬಹುದು; ಜಾತಿಯನ್ನು ಮರೆಸೋದು ಹೇಗೆ?